ಎರಡು ಹೆಸರು, ಒಂದೇ ತಲೆ

ಇವತ್ತು ಲಿಥಿಯಂ ರಕ್ತ ಪರೀಕ್ಷೆ, ಮನಸ್ಸಿನ ಏರಿಳಿತಕ್ಕೆ ನಾನು ನುಂಗುವ ಆ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ನೋಡುವುದು. ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದ ಮೇಲೆಯೇ ರಕ್ತ ಕೊಡಬೇಕು, ಅಲ್ಲಿಯವರೆಗೆ ಸುಮ್ನೆ ಕುಂದುವಾಡ ಕೆರೆ ಏರಿ ಮೇಲೆ ನಡೆದೆ. ಬೈಪೋಲಾರ್, ಅಂದರೆ ಮನಸ್ಸು ಅತಿ ಹುರುಪಿಗೂ ಅತಿ ಕುಗ್ಗುವಿಕೆಗೂ ಹೋಗುವ ಕಾಯಿಲೆ, ಅದರ ಜೊತೆಗೆ ಬಾರ್ಡರ್‌ಲೈನ್ ಅನ್ನುವ ವ್ಯಕ್ತಿತ್ವದ ತೊಂದರೆ ಕೂಡ ಇದೆ ಅಂತ ಡಾಕ್ಟರ್ ಹೇಳಿ ಎರಡು ವರ್ಷ ಆಯಿತು. ನಿದ್ದೆಯೇ ಬೇಡ ಅನ್ನಿಸಿ ವಾರಗಟ್ಟಲೆ ಹುರುಪು ಇಳಿಯದಿದ್ದರೆ ಅದು ಬೈಪೋಲಾರ್. ಅಕ್ಕ ಫೋನ್ ಎತ್ತಲಿಲ್ಲ ಅಂತ ಅರ್ಧ ಗಂಟೆಯಲ್ಲಿ ಎದೆ ಖಾಲಿಯಾಗಿ, ನನಗೆ ಯಾರೂ ಇಲ್ಲ ಅನ್ನಿಸಿ, ಅವಳ ದನಿ ಕೇಳಿದ ಕೂಡಲೇ ಎಲ್ಲ ಸರಿಹೋದರೆ ಅದು ಇನ್ನೊಂದು. ಎರಡೂ ಒಟ್ಟಿಗೆ ಬಂದ ದಿನ ನನಗೂ ಗೊತ್ತಾಗುವುದಿಲ್ಲ. ಆ ದಿನಗಳೇ ಜಾಸ್ತಿ ಕಷ್ಟ. ನಿನ್ನೆ ಅಂಥದ್ದೇ ದಿನ. ಅಕ್ಕ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಳು, ಏನೂ ಕೇಳಲಿಲ್ಲ, ಪೊಟ್ಟಣ ಬಿಚ್ಚಿ ಪಕ್ಕದಲ್ಲಿ ಕೂತಳು.