ಪಂಪು ಕೂರಿಸುವ ಮುನ್ನ

ಮೋನೋಬ್ಲಾಕ್ ಪಂಪಿನ (ಮೋಟರ್, ಪಂಪು ಒಂದೇ ಶಾಫ್ಟಿನ ಮೇಲೆ ಇರುವಂಥದ್ದು) ಜೊತೆ ಕೊಡುವ ಕೈಪಿಡಿಯೊಂದನ್ನು ಕನ್ನಡಕ್ಕೆ ಮಾಡಿ ಕಳಿಸಿದ್ದೆ. ಮರುದಿನ ಬೆಳಿಗ್ಗೆಯೇ ಅದು ವಾಪಸ್ ಬಂತು, ಮೈತುಂಬಾ ಕೆಂಪು ಗುರುತು ಹೊತ್ತುಕೊಂಡು. ಗುರುತು ಹಾಕಿದ್ದು ಮನುಷ್ಯರಲ್ಲ, ಸಾಫ್ಟ್‌ವೇರ್. ತಕರಾರು ಒಂದೇ: ಇಂಗ್ಲಿಷಿನಲ್ಲಿ 'ಸೆಟ್' ಇರುವ ಕಡೆಯೆಲ್ಲ ಕನ್ನಡದಲ್ಲೂ ಒಂದೇ ಪದ ಇರಬೇಕು. ನಾನು ಒಂದೊಂದು ಕಡೆ ಒಂದೊಂದು ಬರೆದಿದ್ದೆ.

ಬರೆಯದೆ ಏನು ಮಾಡಲಿ? ಪಂಪನ್ನು ಕಟ್ಟೆಯ ಮೇಲೆ ಸೆಟ್ ಮಾಡಿ ಅಂದರೆ ಕೂರಿಸಿ ಅಂತ. ಕಾಂಕ್ರೀಟ್ ಸೆಟ್ ಆಗುವ ತನಕ ಬೋಲ್ಟ್ ಬಿಗಿ ಮಾಡಬೇಡಿ ಅಂದರೆ ಗಟ್ಟಿಯಾಗುವ ತನಕ. ಓವರ್‌ಲೋಡ್ ರಿಲೇಯನ್ನು, ಅಂದರೆ ಕರೆಂಟ್ ಮಿತಿ ಮೀರಿದರೆ ಮೋಟರನ್ನು ನಿಲ್ಲಿಸುವ ಸ್ವಿಚ್ಚನ್ನು, ಮೋಟರಿನ ಆಂಪಿಯರ್‌ಗೆ ಸೆಟ್ ಮಾಡಿ ಅಂದರೆ ಹೊಂದಿಸಿ. ಇನ್ನು ಒಂದು ಸೆಟ್ ವಾಷರ್ ಅಂದರೆ ಒಂದು ಸೆಟ್ ವಾಷರ್ರೇ! ಎಲ್ಲದಕ್ಕೂ 'ಹೊಂದಿಸಿ' ಅಂತ ಹಾಕಿದರೆ ರೈತರು ಹಸಿ ಕಾಂಕ್ರೀಟನ್ನು ಹೊಂದಿಸುತ್ತಾ ಕೂರಬೇಕು.

ಸುಮ್ನೆ 'ಆಗಲ್ಲ' ಅಂದರೆ ಕಂಪನಿಯವರು ಕೇಳುವುದಿಲ್ಲ, ಆಧಾರ ಬೇಕು. ಅವತ್ತಿನ ಉಳಿದ ಕೆಲಸ ಬದಿಗಿಟ್ಟು ನಿಘಂಟಿನ ಬೆನ್ನು ಹತ್ತಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ ಬಂದದ್ದು 1989ರಲ್ಲಿ, 20 ಸಂಪುಟಗಳಲ್ಲಿ. ಅಷ್ಟರಲ್ಲೂ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದ ಪದ ಇದೇ. ಕ್ರಿಯಾಪದಕ್ಕೇ 430 ಅರ್ಥ, ವಿವರಣೆಗೆ ಸುಮಾರು 60,000 ಪದ. ಒಂದು ಕಾದಂಬರಿಯೇ ಆಯ್ತಲ್ವಾ? ಆಮೇಲೆ ಹೊಸ ಪರಿಷ್ಕರಣೆಯಲ್ಲಿ 'ರನ್' 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು. ಪುಣ್ಯಕ್ಕೆ ನನ್ನ ಕೈಪಿಡಿಯಲ್ಲಿ 'ರನ್' ಕಡಿಮೆ.

ಎಣಿಕೆಗಿಂತ ನನಗೆ ರುಚಿಸಿದ್ದು ಹುಟ್ಟಿನ ಕಥೆ. ಇದು ಒಂದು ಪದವೇ ಅಲ್ಲ, ಎರಡು. ಕ್ರಿಯಾಪದ ಹಳೆಯ ಇಂಗ್ಲಿಷಿನ 'ಸೆಟ್ಟನ್'ನಿಂದ ಬಂದದ್ದು. ಅದರ ಮೂಲಾರ್ಥ 'ಕೂರುವಂತೆ ಮಾಡು'. ಅಂದರೆ 'ಸಿಟ್' ಕೂರು, 'ಸೆಟ್' ಕೂರಿಸು. ನಾವು 'ಇಸು' ಸೇರಿಸಿ ಮಾಡುವ ಕೆಲಸವನ್ನು ಅವರು ಸ್ವರ ಬದಲಿಸಿ ಮಾಡುತ್ತಿದ್ದರು. 'ರೈಸ್' ಏಳು, 'ರೇಸ್' ಏಳಿಸು; 'ಫಾಲ್' ಬೀಳು, 'ಫೆಲ್' ಬೀಳಿಸು. ಆ ಪದ್ಧತಿ ಈಗ ಸತ್ತುಹೋಗಿದೆ, ಹಳೇ ಜೋಡಿಗಳು ಮಾತ್ರ ಉಳಿದಿವೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯ ಮುಳುಗುವುದಕ್ಕೆ ಇದ್ದ ಒಂದು ಮಾತು 'ಸೆಟ್ಲ್‌ಗಾಂಗ್', ತನ್ನ ಆಸನಕ್ಕೆ ಹೋಗುವುದು ಅಂತ. ನಮ್ಮ ಸೂರ್ಯ ಮುಳುಗುತ್ತಾನೆ, ಅವರದು ಹೋಗಿ ಕೂರುತ್ತಾನೆ.

ಗುಂಪು, ಜೊತೆ ಎನ್ನುವ ಅರ್ಥದ 'ಸೆಟ್' ಬೇರೆ ಮನೆತನದ್ದು. ಅದು ಹಳೆಯ ಫ್ರೆಂಚಿನ 'ಸೆತ್', ಅದರ ಹಿಂದೆ ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಒಬ್ಬರನ್ನು ಹಿಂಬಾಲಿಸುವವರು. ಪಂಥ ಅನ್ನುವ ಅರ್ಥದ 'ಸೆಕ್ಟ್' ಕೂಡ ಇದರದೇ ಕುಡಿ. ಕೋಟು ಪ್ಯಾಂಟಿನ 'ಸೂಟ್' ದೂರದ ನೆಂಟ. ಕಾಲ ಹೋದಂತೆ ಎರಡೂ ಮನೆತನಗಳು ಬೆರೆತು ಒಂದೇ ಮುಖವಾಯಿತು. ಹಾಗಾಗಿ ಪಂಪ್‌ಸೆಟ್‌ನ 'ಸೆಟ್' ಒಂದು ಕಡೆಯದು, ಆ ಪಂಪನ್ನು ಸೆಟ್ ಮಾಡುವ 'ಸೆಟ್' ಇನ್ನೊಂದು ಕಡೆಯದು. ಸೆಟ್ ದೋಸೆ ಪಂಪ್‌ಸೆಟ್ಟಿನ ಕಡೆಯವರು. ಒಂದು ಹೋಟೆಲಿನಲ್ಲಿ ಎರಡು, ಇನ್ನೊಂದರಲ್ಲಿ ಮೂರು ಕೊಡುತ್ತಾರೆ, ಹೆಸರು ಮಾತ್ರ ಅದೇ. ಒಂದನ್ನೇ ಕೊಟ್ಟರೆ ಮಾತ್ರ ಜಗಳ ಆಡಬಹುದು.

ಇಷ್ಟಾದ ಮೇಲೂ ರಿಲೇಯ ವಾಕ್ಯ ಮನಸ್ಸಿಗೆ ಒಪ್ಪಿರಲಿಲ್ಲ. ಊರಲ್ಲಿ ಮೋಟರ್ ರಿಪೇರಿ ಮಾಡುವ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಪಂಪನ್ನ ಕಟ್ಟೆ ಮೇಲೆ ಏನ್ಮಾಡ್ತೀರಾ?"

"ಕೂರಿಸ್ತೀವಿ."

"ರಿಲೇನ?"

"ಸೆಟ್ ಮಾಡ್ತೀವಿ."

"ಕಾಂಕ್ರೀಟು?"

"ಅದನ್ನ ನಾವೇನು ಮಾಡೋದು? ಅದೇ ಸೆಟ್ ಆಗುತ್ತೆ. ಯಾಕೆ, ಬಾವಿ ತೆಗೆಸಿದ್ಯಾ?"

ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಅರ್ಥ ಅವರ ಬಾಯಲ್ಲಿ ಅಚ್ಚ ಕನ್ನಡದಲ್ಲಿ ಬಂತು. ರಿಲೇಯ ಗುಂಡಿ ತಿರುಗಿಸಿ ಅಂಕಿಗೆ ತರುವ ಕೆಲಸಕ್ಕೆ ಮಾತ್ರ ಇಂಗ್ಲಿಷನ್ನೇ ಇಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. 'ಹೊಂದಿಸಿ' ಹೊಡೆದುಹಾಕಿ 'ಸೆಟ್ ಮಾಡಿ' ಅಂತ ಬರೆದೆ. ಕೈಪಿಡಿ ಓದುವವರು ಅವರೇ ತಾನೆ?

ಮಧ್ಯಾಹ್ನ ಕಂಪನಿಗೆ ಉದ್ದದ ಉತ್ತರ ಕಳಿಸಿದೆ. ಸಂಜೆ ಅಲ್ಲಿಂದ ಒಬ್ಬಾಕೆ ಫೋನ್ ಮಾಡಿದರು, ಕನ್ನಡದವರೇ. "ಸರ್, ನನಗೆ ಅರ್ಥ ಆಗುತ್ತೆ. ಸಾಫ್ಟ್‌ವೇರ್‌ಗೆ ಆಗಲ್ಲ. ಒಂದೊಂದು ಗುರುತಿನ ಪಕ್ಕದಲ್ಲೂ ಕಾರಣ ಬರೆದುಬಿಡಿ, ಪಾಸ್ ಮಾಡ್ತೀನಿ" ಅಂದರು.

ರಾತ್ರಿ ಊಟ ತಡವಾಗುವಷ್ಟು ಹೊತ್ತು ಕಾರಣ ಬರೆದೆ. 'ಸೆಟ್ ಸ್ಕ್ರೂ'ವನ್ನು ಮಾತ್ರ ಮುಟ್ಟಲಿಲ್ಲ. ಬೇರೆ ಹೆಸರು ಹೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೂ ಕೊಡುವುದಿಲ್ಲ.