ಸಭೆಗೆ ಮುಂಚಿನ ಅರ್ಧ ಗಂಟೆ

ಕೋಲಾರ ಜಿಲ್ಲೆಯಲ್ಲಿ ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಗ್ರಾಮ ಪಂಚಾಯಿತಿ ಸಭೆಯಲ್ಲಿ ಅಧ್ಯಕ್ಷೆಯ ಬದಲು ಅವರ ಗಂಡ ಮಾತಾಡೋದನ್ನು ತಪ್ಪಿಸಲು ಸುತ್ತೋಲೆ ಒಂದೇ ಸಾಲದು ಅನ್ನೋದು ಈ ಕೆಲಸದಲ್ಲಿ ನಾನು ಕಲಿತ ಪಾಠ.

ಒಂದು ಪಂಚಾಯಿತಿಯಲ್ಲಿ ಸಭೆಯ ನೋಟಿಸ್ ಅಧ್ಯಕ್ಷೆಯ ಮನೆಗೆ ಹೋಗುತ್ತಿತ್ತು. ಓದುತ್ತಿದ್ದದ್ದು ಮಾತ್ರ ಗಂಡ. ಸಭೆಯಲ್ಲಿ ಯಾವುದೇ ವಿಷಯ ಬಂದರೂ ಅಧ್ಯಕ್ಷೆ ಬಾಗಿಲ ಕಡೆ ನೋಡುತ್ತಿದ್ದರು, ಅಲ್ಲಿ ಗಂಡ ನಿಂತಿರುತ್ತಿದ್ದರು. ಅವರಿಗೆ ಬುದ್ಧಿ ಕಡಿಮೆ ಇತ್ತಾ? ಖಂಡಿತ ಇಲ್ಲ. ವಿಷಯ ಅವರ ಕೈಗೇ ಸಿಕ್ಕಿರಲಿಲ್ಲ.

ನೋಟಿಸನ್ನು ಅವರ ಕೈಗೇ ಕೊಟ್ಟು, ಅವರದೇ ಸಹಿ ಪಡೆಯಲು ಶುರು ಮಾಡಿದೆವು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಅಡುಗೆ ಮುಗಿಸಿ ಬರಲು ಆಗುವಂತೆ ಸಭೆಯನ್ನು 11 ಗಂಟೆಗೆ ಇಟ್ಟೆವು. ಅದಕ್ಕೆ ಅರ್ಧ ಗಂಟೆ ಮುಂಚೆ ಅಧ್ಯಕ್ಷೆ ಮತ್ತು ಮಹಿಳಾ ಸದಸ್ಯರ ಜೊತೆ ಕೂತು ಬಿಲ್ಲು, ಕ್ರಿಯಾ ಯೋಜನೆ ಎಲ್ಲಾ ಓದುತ್ತಿದ್ದೆವು. ಒಂದು ಸಲ ಅಧ್ಯಕ್ಷೆ ಮೋಟಾರ್ ರಿಪೇರಿ ಬಿಲ್ ಹಿಡಿದು ಕೇಳಿದರು: "ಸಾರ್, ಇದೇ ಬೋರ್‌ವೆಲ್‌ಗೆ ಹೋದ ಸಲವೂ ಬಿಲ್ ಬಂದಿತ್ತಲ್ವಾ? ಆದ್ರೂ ನಮ್ಮ ಬೀದಿಗೆ ನೀರೇ ಬಂದಿಲ್ಲ." ಸಭೆಯಲ್ಲೂ ಅದೇ ಪ್ರಶ್ನೆ ಕೇಳಿದರು. ಬಿಲ್ ತಡೆದು, ವಾಟರ್‌ಮನ್‌ನನ್ನು ಕರೆಸಿ ವಿಚಾರಿಸಲು ತೀರ್ಮಾನವಾಯಿತು. ನಡಾವಳಿಯಲ್ಲಿ ಅವರ ಮಾತು ಅವರ ಹೆಸರಲ್ಲೇ ಸೇರಿತು. ನೀರು ಹೊರುವವರಿಗೆ ಗೊತ್ತಿರುವಷ್ಟು ಬಾಗಿಲಲ್ಲಿ ನಿಂತವರಿಗೆ ಗೊತ್ತಿರುತ್ತಾ?

ನಮ್ಮ ರಾಜ್ಯ 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ಕೊಟ್ಟಿತ್ತು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಕೆಲಸ ಅದು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಸದಸ್ಯ ಸ್ಥಾನ, ಅಧ್ಯಕ್ಷ ಸ್ಥಾನ ಎರಡರಲ್ಲೂ ಕನಿಷ್ಠ ಮೂರನೇ ಒಂದು ಭಾಗ ಸಿಕ್ಕಿತು. ಈಗ ಕರ್ನಾಟಕದಲ್ಲಿ ಶೇ. 50. ಆದರೆ ಅಧ್ಯಕ್ಷರ ಅವಧಿ 30 ತಿಂಗಳು. ಕೆಲಸ ಕಲಿಯುವುದರಲ್ಲೇ ಅದರಲ್ಲಿ ಎಷ್ಟೋ ಸಮಯ ಹೋಗುತ್ತದೆ. ಅದಕ್ಕೇ ಈ ಅರ್ಧ ಗಂಟೆಯ ಓದನ್ನು ಮೊದಲ ಸಭೆಯಿಂದಲೇ ಶುರು ಮಾಡಬೇಕು ಅನ್ನುತ್ತೇನೆ.

ಲೋಕಸಭೆ, ವಿಧಾನಸಭೆಗೂ 2023ರ 106ನೇ ತಿದ್ದುಪಡಿ ಮೂರನೇ ಒಂದು ಭಾಗ ಮೀಸಲಿಟ್ಟಿದೆ. ಆ ಸ್ಥಾನಗಳಿಗೆ ನಮ್ಮ ಪಂಚಾಯಿತಿಗಳಿಂದ ಹೆಣ್ಣುಮಕ್ಕಳು ಹೋಗಬೇಕು ಅಂತ ನನಗೆ ತುಂಬಾ ಆಸೆ. ಹೊಸದಾಗಿ ಬರುವ ಪಿಡಿಒಗಳಲ್ಲಿ ನಾನು ಕೇಳಿಕೊಳ್ಳೋದು ಇಷ್ಟೇ: ಅಧ್ಯಕ್ಷೆಯ ಫೋನ್ ನಂಬರ್ ಅಂತ ಗಂಡನ ನಂಬರ್ ಬರೆದುಕೊಳ್ಳಬೇಡಿ. ಅವರದೇ ನಂಬರ್ ಕೇಳಿ, ಅವರಿಗೇ ಫೋನ್ ಮಾಡಿ.