ಗಂಧದ ಪಕ್ಕದ ತೊಗರಿ

ಬೆಳಿಗ್ಗೆ ಶ್ರೀಗಂಧದ ಕುಂಡದಲ್ಲಿ ಕಳೆ ಕಿತ್ತೆ. ಗೇಣುದ್ದದ ತೊಗರಿ ಗಿಡ, ಬೇರು ಸಮೇತ ಬಂತು. ಬೇರಿನ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಗಂಟು ಕಚ್ಚಿಕೊಂಡಿತ್ತು.

ಅಮ್ಮ ಹಣೆ ಚಚ್ಚಿಕೊಂಡರು. "ಅದು ಕಳೆಯಲ್ಲ, ಅದರ ಊಟ!"

ಗಂಧ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ನೀರು, ಸಾರ ಹೀರುತ್ತದೆಯಂತೆ. ಅಷ್ಟು ಘಮಘಮಿಸುವ ಮರ, ಸಾಲದಲ್ಲೇ ಬೆಳೆಯುವುದು!

ಅಪಾಯದಲ್ಲಿರುವ ಪ್ರಭೇದಗಳ ಕೆಂಪು ಪಟ್ಟಿಗೆ ಅದು 1998ರಲ್ಲೇ ಸೇರಿದೆ. ಕಳ್ಳರನ್ನು ಬೈಯುತ್ತಾ ಬಂದವನು ನಾನು. ಇವತ್ತು ಬೈಗುಳ ನನಗೇ.

ಕಿತ್ತದ್ದನ್ನು ಮತ್ತೆ ನೆಟ್ಟೆ. ಚಿತ್ರದುರ್ಗದ ಬಿಸಿಲಿಗೆ ಮಧ್ಯಾಹ್ನವೇ ತಲೆ ಬಾಗಿಸಿತು. ಅಡುಗೆಮನೆಯ ಡಬ್ಬಿ ತಡಕಿದರೆ ಸಿಕ್ಕಿದ್ದೆಲ್ಲ ಒಡೆದ ಬೇಳೆ. ಇಡಿಕಾಳಿಗೆ ನಾಳೆ ಪೇಟೆಗೆ ಹೋಗಬೇಕು.